ಮಹಾದೇವಕ್ಕನ ಹೊಲದ ಬೆಳ್ಳಕ್ಕಿ

ಎರೆ ಹೊಲದ ಬಿರುಕಿನ ಬಗ್ಗೆ ನಾನು ಹೇಳುವುದನ್ನು ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನವಲಗುಂದ ತಾಲೂಕಿನ ಕಪ್ಪು ಮಣ್ಣು ಯುಗಾದಿ ಹೊತ್ತಿಗೆ ಒಣಗಿ ಬಾಯಿ ಬಿಡುತ್ತದೆ. ಆ ಬಾಯಿಗೆ ಬಿದ್ದ ನಮ್ಮ ಸೋದರಮಾವನ ಎಲೆಯಡಿಕೆ ಸಂಚಿ ಮುಂದಿನ ವರ್ಷ ಅಣ್ಣಿಗೇರಿಯ ಒಂದು ಬಾವಿಯಲ್ಲಿ ಸಿಕ್ಕಿತು. ಸುಣ್ಣ ಮಾತ್ರ ತೊಯ್ದಿತ್ತು. ಗಬ್ಬದ ಆಡೊಂದು ಒಳಗೆ ಬಿದ್ದು, ಒಳಗೇ ಈದು, ಎರಡು ಮರಿ ಕರೆದುಕೊಂಡು ಯಮನೂರಿನ ಹತ್ತಿರ ಮೇಲೆದ್ದು ಬಂದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಅವರ ಹೆಸರು ಕೇಳಬೇಡಿ. ಸಾಕ್ಷಿ ಹೇಳುವ ಚಟ ಅವರಿಗಿಲ್ಲ.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಮುಂದೆ ಬರುವುದು ಪೂರ್ತಿ ನಿಜ. ಅದಕ್ಕೂ ಮುಂಚೆ ನಿಮಗೆ ಸ್ವಲ್ಪ ರೂಢಿಯಾಗಲಿ.

ನಾನು ಸಂಗನಬಸವ. ಊರಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು ಬಾಡಿಗೆಗೆ ಹೊಲ ಬಿತ್ತಿಕೊಡುತ್ತೇನೆ. ನನ್ನ ಹೊಲದ ಬಾಜುವಿಗೇ ಮಹಾದೇವಕ್ಕನ ಹೊಲ. ಅದು ಅವಳ ಗಂಡನ ಮನೆಯದಲ್ಲ. ಮದುವೆಯಲ್ಲಿ ಅವಳ ಅಪ್ಪ ಅರಿಷಿಣ ಕುಂಕುಮಕ್ಕೆಂದು ಮಗಳ ಹೆಸರಿಗೆ ಬರೆದುಕೊಟ್ಟದ್ದು. ಗಂಡ ಈರಪ್ಪ ಆ ಹೊಲದ ಬದುವಿನ ಮೇಲೆ ಕಾಲಿಡಬೇಕಾದರೂ ಒಮ್ಮೆ ಹೆಂಡತಿಯ ಮುಖ ನೋಡಿಕೊಳ್ಳುತ್ತಾನೆ. ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದ ಮೇಲೆ ಅಲ್ಲಿ ಹೆಸರುಕಾಳು ಬಿತ್ತಬೇಕು. ಬಿತ್ತುವ ಮುನ್ನ ಅವಳೇ ಕೂರಿಗೆಗೆ ಅರಿಷಿಣ ಹಚ್ಚಿ, ಕಾಯಿ ಒಡೆದು, ಮೊದಲ ಹಿಡಿ ಬೀಜ ಹಾಕಬೇಕು. ಮೂವತ್ತೈದು ವರ್ಷ ತಪ್ಪಿಲ್ಲ.

ಅವಳ ಸಿಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಹಾದೇವಕ್ಕನಿಗೆ ಸಿಟ್ಟು ಬಂದ ದಿನ ನಮ್ಮ ಓಣಿಯಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕುವುದಿಲ್ಲ. ಅದು ತಾನೇ ಮೊಸರಾಗುತ್ತದೆ.

ಹೋದ ವರ್ಷ ಯುಗಾದಿಗೆ ತುಸು ಮುಂಚೆ ಅವಳ ಸೊಸೆ ನೇತ್ರಾ ಬಾಣಂತನ ಮುಗಿಸಿಕೊಂಡು ಬಂದಳು. ನೇತ್ರಾಳ ತವರು ತಂಬೂರ. ಹತ್ತಿರದ ಕಲಘಟಗಿಯಲ್ಲಿ ಮಾಡಿಸಿದ ಬಣ್ಣದ ತೊಟ್ಟಿಲೂ ಕೂಸಿನ ಜತೆ ಟೆಂಪೋದಲ್ಲಿ ಬಂತು. ತೊಟ್ಟಿಲು ಇಳಿಸಿ ಇನ್ನೂ ಹಗ್ಗ ಕಟ್ಟಿರಲಿಲ್ಲ, ಅಷ್ಟರಲ್ಲಿ ಸಿದ್ಧಾರೂಢ ಬಂದ.

ಸಿದ್ಧಾರೂಢ ಹುಬ್ಬಳ್ಳಿಯವನು, 'ಹಸಿರು ತೊಟ್ಟಿಲು' ಎಂಬ ಡೈಪರ್ ಕಂಪನಿಯವನು. ಹಸಿರು ಅಂಗಿ, ಹಸಿರು ಟೋಪಿ. ಬೈಕಿನ ಹಿಂದೆ ಅವನಿಗಿಂತ ಎತ್ತರದ ರಟ್ಟಿನ ಡಬ್ಬಿಗಳು. ಊರಲ್ಲಿ ತೊಟ್ಟಿಲಿದ್ದ ಮನೆಯವರನ್ನೆಲ್ಲ ಮಹಾದೇವಕ್ಕನ ಕಟ್ಟೆಗೆ ಕರೆದು ಒಂದು ಡೈಪರ್ ಬಿಡಿಸಿ ತೋರಿಸಿದ.

"ಅಕ್ಕಾರ, ಇದು ಪ್ಲಾಸ್ಟಿಕ್ ಅಲ್ರಿ. ಬಿದಿರಿನ ನಾರು. ಬಳಸಿ ಮಣ್ಣಾಗ ಹುಗದ್ರಂದ್ರ ಮೂರು ತಿಂಗಳದಾಗ ಗೊಬ್ಬರ ಆಗತೈತ್ರಿ. ನಿಮ್ಮೂರ ಕೂಸುಗೋಳಿಗೆ ಪುಕ್ಕಟ ಕೊಡ್ತೇವಿ. ಮಳಿಗಾಲಕ್ಕ ಬಂದು ಹೆಂಗೈತಿ ಅಂತ ಕೇಳ್ತೇವಿ. ಅಷ್ಟ."

"ಸೇರಲಿಲ್ಲಂದ್ರ?" ಎಂದಳು ಮಹಾದೇವಕ್ಕ.

"ವಾಪಸ್ ಕೊಡ್ರಿ. ಬಳಸಿದ್ದಿದ್ರೂ ತಗೋತೇವಿ. ಕಂಪನಿ ಮಾತು."

ಪಕ್ಕದ ಮನೆಯ ಜಮೀಲಾಬಿ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. "ಬಳಸಿದ್ದು ತಗೊಂಡು ಏನ್ ಮಾಡ್ತೀಯೋ ತಮ್ಮಾ? ನಿಮ್ಮ ಸಾಹೇಬಗ ಕಟ್ತೀಯೇನು?"

ಸಿದ್ಧಾರೂಢ ನಕ್ಕ. ನಗು ಅವನ ಕೆಲಸದ ಭಾಗವಿರಬೇಕು.

ನಮ್ಮೂರ ಹೆಂಗಸರು ಯಾವುದನ್ನೂ ಮಾತು ಕೇಳಿ ತೆಗೆದುಕೊಳ್ಳುವವರಲ್ಲ. ಜಮೀಲಾಬಿ ತಂಬಿಗೆಯಲ್ಲಿ ನೀರು ತಂದು ಡೈಪರಿಗೆ ಸುರಿದಳು. ಕುಡಿಯಿತು. ಇನ್ನೊಂದು ತಂಬಿಗೆ ಸುರಿದಳು. ಅದನ್ನೂ ಕುಡಿಯಿತು. ಮಹಾದೇವಕ್ಕ ಬಾಜುವಿಗೆ ಹಳೆಯ ಧೋತರದ ತುಂಡನ್ನಿಟ್ಟು ಅದಕ್ಕೂ ನೀರು ಸುರಿದಳು. ಧೋತರದ ನೀರು ಕಟ್ಟೆಯಿಂದ ಇಳಿದು ಈರಪ್ಪನ ಚಪ್ಪಲಿಯೊಳಗೆ ಹೋಯಿತು. ಐದನೆಯ ತಂಬಿಗೆಗೆ ಡೈಪರು ತೇಗಿತೆಂದು ಜಮೀಲಾಬಿ ಈಗಲೂ ಆಣೆ ಮಾಡಿ ಹೇಳುತ್ತಾಳೆ. ಮಹಾದೇವಕ್ಕ ಅದನ್ನೆತ್ತಿ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಒಣಗಿತ್ತು.

ವಾರ ಕಳೆಯಿತು. ಕೂಸಿನ ತೊಡೆಸಂದಿ ಕೆಂಪಾಗಲಿಲ್ಲ. ಕೆಳಗೆ ಹಾಸಿದ ಕೌದಿ ತೊಯ್ಯಲಿಲ್ಲ. ನೇತ್ರಾ ಮದುವೆಯಾದ ಮೇಲೆ ಮೊದಲ ಸಲ ಬೆಳಗಾಗುವವರೆಗೂ ಮಲಗಿದಳು.

"ಸುಳ್ಳ್ಯಾಕ ಹೇಳ್ಲಿ," ಎಂದಳು ಮಹಾದೇವಕ್ಕ. "ಮಾಲು ಚೊಲೊ ಐತಿ."

ತೊಡಕು ಬಂದದ್ದು ಹುಗಿಯುವುದರಲ್ಲಿ. ಮೊಳಕಾಲುದ್ದ ತಗ್ಗು ತೋಡಿ ಹುಗಿಯಬೇಕೆಂದು ಪೊಟ್ಟಣದ ಮೇಲೆ ಚಿತ್ರವಿತ್ತು. ನೇತ್ರಾ ಗುದ್ದಲಿ ಹಿಡಿದು ಹಿತ್ತಲಿಗೆ ಹೋದಳು. ಬೇಸಿಗೆಯಲ್ಲಿ ಎರೆ ಮಣ್ಣಿಗೆ ಗುದ್ದಲಿ ಹಾಕುವುದೂ ಒಂದೇ, ರೈಲು ಹಳಿಗೆ ಹಾಕುವುದೂ ಒಂದೇ. ಗುದ್ದಲಿ ಹಾರಿ ಈರಪ್ಪನ ಸೈಕಲ್ಲಿಗೆ ಬಡಿಯಿತು.

"ಅತ್ತಿ, ನಮ್ಮ ತಂಬೂರಾಗಾದ್ರ ಒಂದು ಏಟಿಗೆ ಮಣ್ಣು ಏಳತೈತ್ರಿ," ಎಂದಳು ನೇತ್ರಾ.

ಮಹಾದೇವಕ್ಕ ನಕ್ಕಳು. "ಇಲ್ಲಿ ಯಾಕ ತಗ್ಗು ತೋಡ್ತಿ? ನಮ್ಮ ಭೂಮಿ ತಾನ ತೋಡಿ ಇಟ್ಟೈತಿ. ಬಾ."

ಸೊಸೆಯನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋಗಿ, ಒಂದು ಬಿರುಕಿನ ಬಾಯಿಯಲ್ಲಿ ಡೈಪರ್ ಬಿಟ್ಟಳು. ಅದು ಬಿದ್ದ ಸಪ್ಪಳವೇ ಕೇಳಲಿಲ್ಲ. ಅಷ್ಟು ಆಳ. ಮರುದಿನ ಜಮೀಲಾಬಿ ಕೇಳಿದಳು, ನಾವೆಲ್ಲಿ ಹಾಕೂಣು ಅಂತ. "ಎಲ್ಲಾರೂ ನನ್ನ ಹೊಲದಾಗ ಹಾಕ್ರಿ. ಗೊಬ್ಬರ ಆಗೂದಾದ್ರ ನನಗ ಆಗ್ಲಿ." ಹೇಗೂ ಕೆರೆಗೆ ನೀರಿಗೆ ಹೋಗುವ ದಾರಿ ಅದೇ. ಬೇಸಿಗೆಯುದ್ದಕ್ಕೂ ಊರ ಹೆಂಗಸರು ಖಾಲಿ ಕೊಡದಲ್ಲಿ ನಿನ್ನೆಯ ಡೈಪರ್ ಒಯ್ಯಬಾರದೆಂದು ಎಡಗೈಯಲ್ಲಿ ಹಿಡಿದು ಹೋಗುವರು, ಬಿರುಕಿಗೆ ಹಾಕಿ, ಕೈ ತೊಳೆದು, ಕೊಡ ತುಂಬಿಕೊಂಡು ಬರುವರು. ಈರಪ್ಪ ಮಾತ್ರ ಒಮ್ಮೆ, "ಅದು ಒಳಗ ಮಣ್ಣಾಗತೈತೋ ಇಲ್ಲೋ ಯಾರು ನೋಡ್ಯಾರ?" ಎಂದ. ಮಹಾದೇವಕ್ಕ ಅವನನ್ನು ನೋಡಿದಳು. ಅವನು ಹೊರಗೆ ಹೋಗಿ ಸೈಕಲ್ಲಿಗೆ ಗಾಳಿ ಹಾಕತೊಡಗಿದ.

ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು. ರಾತ್ರಿಯಿಡೀ ಬಂತು. ಬೆಳಿಗ್ಗೆ ನಾನು ಬದುವಿಗೆ ಹೋಗಿ ನೋಡಿದರೆ ಮಹಾದೇವಕ್ಕನ ಹೊಲದ ತುಂಬ ಬೆಳ್ಳಕ್ಕಿ ಕೂತಿದ್ದವು. ಅಷ್ಟು ಬೆಳ್ಳಕ್ಕಿಯನ್ನು ನಾನು ಒಂದೇ ಕಡೆ ಎಂದೂ ಕಂಡಿರಲಿಲ್ಲ. ಚಪ್ಪಾಳೆ ತಟ್ಟಿದೆ. ಹಾರಲಿಲ್ಲ. ಮಣ್ಣಿನ ಹೆಂಟೆ ಎತ್ತಿ ಒಗೆದೆ. ಹೆಂಟೆ ಒಂದಕ್ಕೆ ತಗುಲಿ ಒಳಗೇ ಹೋಗಿ ಕೂತಿತು.

ಎರೆ ಮಣ್ಣಿನ ಗುಣವೇ ಹಾಗೆ. ನೀರು ಬಿದ್ದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವಾಗ ಬಾಯಲ್ಲಿದ್ದ ಡೈಪರುಗಳೂ ನೀರು ಕುಡಿದು ಉಬ್ಬಿದವು. ನುಂಗಲಾಗದೆ ಭೂಮಿ ಅವನ್ನೆಲ್ಲ ಉಗುಳಿತ್ತು. ಒಂದೊಂದೂ ಕುಂಬಳಕಾಯಿಯಷ್ಟಿತ್ತು. ಬೆಳಿಗ್ಗೆ ಕುಂಬಳಕಾಯಿಯಷ್ಟಿದ್ದದ್ದು ಮಧ್ಯಾಹ್ನಕ್ಕೆ ಕರುವಿನಷ್ಟಾಯಿತು. ಹರಿದವುಗಳ ಒಳಗಿನಿಂದ ಸಾಬೂದಾನಿಯಂಥ ಲೋಳೆ ಸಾಲಿನುದ್ದಕ್ಕೂ ಹರಡಿತ್ತು. ಬಿದಿರು ಎಲ್ಲಿತ್ತೋ ನನಗೆ ಕಾಣಲಿಲ್ಲ.

ಮಹಾದೇವಕ್ಕ ಬಂದಳು. ಬದುವಿನ ಮೇಲೆ ನಿಂತಳು. ಚೀರಲಿಲ್ಲ. ಅವಳು ಚೀರಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಸಂಗ್ಯಾ, ಏನ್ಲೇ ಇವು?"

"ಬೆಳ್ಳಕ್ಕಿ, ಅಕ್ಕಾ."

"ಬೆಳ್ಳಕ್ಕಿ ಸೊಂಟಕ್ಕ ಇಲಾಸ್ಟಿಕ್ ಇರತೈತೇನು?"

ನಾನು ಬಗ್ಗಿ ಒಂದು ಹಿಡಿ ಮಣ್ಣು ಹಿಚುಕಿ ನೋಡಿದೆ. ಅವಳು ಕೇಳಿದಳು, "ಹದಾ ಯಾವಾಗ ಬರತೈತಿ?"

ಮಳೆ ಬಿಟ್ಟು, ಮಣ್ಣು ಮೇಲೆ ಆರಿ, ಒಳಗೆ ತೇವ ಉಳಿದಿರುವ ಹೊತ್ತಿಗೆ ನಾವು ಹದ ಎನ್ನುತ್ತೇವೆ. ಅದರಲ್ಲಿ ಬಿತ್ತಿದರೆ ಹೆಸರು ಏಳುತ್ತದೆ. ಹದ ತಪ್ಪಿದರೆ ಬೀಜ ಭೂಮಿಯಲ್ಲಿ ಕೂತು ಕಣ್ಣು ಪಿಳುಕಿಸುತ್ತದೆ, ಅಷ್ಟೇ. "ಬಿಸಲು ಬಿದ್ರ ನಾಡದ," ಎಂದೆ. "ಆದ್ರ ಇದರಾಗ ಕೂರಿಗಿ ಓಡೂದಿಲ್ಲ, ಅಕ್ಕಾ. ಹಲ್ಲಿಗೆಲ್ಲ ಸುತ್ತಿಗೋತೈತಿ."

ಅಷ್ಟರಲ್ಲಿ ಕೊಡ ಹಿಡಿದ ಹೆಂಗಸರೆಲ್ಲ ಬದುವಿನ ಮೇಲೆ ಸೇರಿದ್ದರು. ಎಲ್ಲರಿಗೂ ಆಶ್ಚರ್ಯ.

"ನಮ್ಮವು ಇವಲ್ಲ ಯವ್ವಾ," ಎಂದಳು ತಾಯವ್ವ. ಮೊಮ್ಮಗಳ ಡೈಪರನ್ನು ಅವಳು ದಿನವೂ ತಂದು ಹಾಕಿದ್ದನ್ನು ನಾನೇ ಕಂಡಿದ್ದೆ. "ನಮ್ಮ ಕೂಸು ಇಷ್ಟು ಮಾಡೂದಿಲ್ಲ."

"ಹೌದ್ಬಿಡು," ಎಂದಳು ಮಹಾದೇವಕ್ಕ. "ಮಳಿ ಜೋಡಿ ಮ್ಯಾಲಿಂದ ಬಿದ್ದಾವು."

ಮರುದಿನ ಸಿದ್ಧಾರೂಢ ಬಂದ. ಅವಳು ಫೋನಿನಲ್ಲಿ ಏನು ಹೇಳಿ ಕರೆಸಿದಳೋ ಗೊತ್ತಿಲ್ಲ, ಅವನಂತೂ ಅಭಿಪ್ರಾಯ ತೆಗೆದುಕೊಳ್ಳುವ ಹುರುಪಿನಲ್ಲಿದ್ದ. ಬದುವಿನ ಮೇಲೆ ನಿಂತು, ಹೊಲ ಕಾಣದಂತೆ ಅವಳ ಮುಖ ಮಾತ್ರ ಬರುವ ಹಾಗೆ ಮೊಬೈಲು ಹಿಡಿದ.

"ಎರಡು ಮಾತು ಚೊಲೊ ಹೇಳ್ರಿ, ಅಕ್ಕಾರ."

"ಮೊದಲ ಅದನ್ನ ಕೆಳಗ ಇಳಸು. ಹಿಂದ ತಿರುಗಿ ನೋಡು."

ತಿರುಗಿ ನೋಡಿದ. ಟೋಪಿ ತೆಗೆದ.

"ಮೂರು ತಿಂಗಳ ಅಂದಿದ್ದಿ. ಮೂರು ತಿಂಗಳ ಆತು. ಗೊಬ್ಬರ ಎಲ್ಲೈತಿ, ತೋರ್ಸು."

"ಅಕ್ಕಾರ, ತಗ್ಗು ತೋಡಿ ಹುಗೀಬೇಕಿತ್ರಿ. ಪೊಟ್ಟಣದ ಮ್ಯಾಲ ಬರದೈತಿ."

"ಮೊಳಕಾಲುದ್ದ ಅಂತ ಐತಿ. ನಾವು ಮೂರಾಳು ಆಳಕ್ಕ ಹಾಕೇವಿ."

ಅವನು ಪೊಟ್ಟಣ ತಿರುಗಿಸಿ, ಕೆಳಗಿನ ಇರುವೆಯಂಥ ಅಕ್ಷರಗಳನ್ನು ಓದಿದ. ಸೂಕ್ತ ಗೊಬ್ಬರ ಘಟಕದಲ್ಲಿ, ಸೂಕ್ತ ಬಿಸಿಯಲ್ಲಿ ಮಾತ್ರ ಕರಗುತ್ತದೆ ಎಂದಿತ್ತು.

"ಆ ಘಟಕ ಎಲ್ಲೈತಿ?"

"ಇನ್ನೂ ಕಟ್ಟಬೇಕ್ರಿ."

"ಎಲ್ಲಿ ಕಟ್ತೀರಿ?"

"ಮ್ಯಾಲಿನವರು ನೋಡಾಕ ಹತ್ಯಾರ್ರಿ." ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಮನೆಗೆ ಹೋಗುತ್ತಿದ್ದ. "ಮತ್ತ ನಿಮ್ಮ ಮಣ್ಣೂ ಸರಿ ಇಲ್ರಿ. ಎರಿ ಮಣ್ಣು ಇದಕ್ಕ ಸೂಟ್ ಆಗೂದಿಲ್ಲ."

ಜಮೀಲಾಬಿ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಅಂಗಿ ಹಿಡಿದು ನನ್ನನ್ನೂ ಸರಿಸಿದಳು.

"ನಮ್ಮ ಮಣ್ಣು ಸರಿ ಇಲ್ಲ," ಎಂದಳು ಮಹಾದೇವಕ್ಕ, ಮೆಲ್ಲಗೆ. "ಆ ಬದುವಿನ ಬೇವಿನಗಿಡದ ಕೆಳಗ ನಮ್ಮಪ್ಪನ್ನ ಹುಗದೇವಿ. ಅಂವ ಮಣ್ಣಾದ. ಬಾಜು ಅವರಪ್ಪ ಅದಾನ, ಅಂವನೂ ಮಣ್ಣಾದ. ಎತ್ತು ಸತ್ತಾವು, ಮಣ್ಣಾಗ್ಯಾವು. ಈ ಹೊಲದಾಗ ಹುಗದದ್ದು ಯಾವುದೂ ಇಲ್ಲೀತನಕ ಹೊಳ್ಳಿ ಎದ್ದು ಬಂದಿಲ್ಲ. ನಿನ್ನ ಚಡ್ಡಿ ಒಂದ ಎದ್ದು ಬಂತು. ತಪ್ಪು ಮಣ್ಣಿಂದೋ, ಚಡ್ಡೀದೋ?"

ಸಿದ್ಧಾರೂಢ ಪೊಟ್ಟಣವನ್ನು ಮತ್ತೊಮ್ಮೆ ತಿರುಗಿಸಿ ಹುಡುಕಿದ.

"ನಿನ್ನ ಮನ್ಯಾಗ ಕೂಸೈತೇನು?"

"ಐತ್ರಿ. ಹೆಣ್ಣಗೂಸು."

"ಅದಕ್ಕ ಇದನ್ನ ಹಾಕ್ತೀರೇನು?"

ಅವನು ತನ್ನ ಬೂಟು ನೋಡಿಕೊಂಡ. "ನಮ್ಮವ್ವ ಹಳೇ ಧೋತ್ರ ಕಟ್ತಾಳ್ರಿ."

ಮಹಾದೇವಕ್ಕ ಅವನ ಕೈಗೆ ಬುಟ್ಟಿ ಕೊಟ್ಟಳು. ಅವನ ಬೈಕಿನ ಕೀಲಿಯನ್ನು ಅವಳು ಯಾವಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳೋ, ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. "ಹೆಂಗೈತಿ ಅಂತ ನೋಡಾಕ ಬಂದೀಯಲ್ಲ. ಇಳೀ, ನೋಡು."

ತೊಯ್ದ ಎರೆಗೆ ಬೂಟು ಹಾಕಿಕೊಂಡು ಇಳಿಯಬಾರದು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ಹೆಜ್ಜೆಗೆ ನಾಲ್ಕು ಬೆರಳು ಮಣ್ಣು ಬೂಟಿಗೆ ಹತ್ತಿ, ಅದರ ಮೇಲೆ ಮತ್ತಷ್ಟು ಹತ್ತಿ, ಅವನು ಎತ್ತರವಾಗುತ್ತ ಹೋದ. ಹೊಲದ ನಡುವೆ ತಲುಪುವ ಹೊತ್ತಿಗೆ ಬದುವಿನ ಬೇವಿನಗಿಡದಷ್ಟು ಎತ್ತರವಾಗಿದ್ದ. ಅಲ್ಲೇ ಸಿಕ್ಕಿಕೊಂಡ. ಅಷ್ಟೆತ್ತರದಿಂದ ಬಗ್ಗಿ ಡೈಪರು ಎತ್ತಲಾಗದೆ ಮ್ಯಾನೇಜರಿಗೆ ಫೋನು ಮಾಡಿದ. ಸ್ಪೀಕರು ದೊಡ್ಡದಾಗಿತ್ತು. ಬದುವಿನವರೆಗೂ ಕೇಳಿತು.

"ಏನ್ರೀ ಹುಡುಗಾಟ, ಅದನ್ನು ಮುಟ್ಟಬೇಡಿ," ಎಂದಿತು ಫೋನು. "ಬಳಸಿದ ಮಾಲು. ಇನ್ಫೆಕ್ಷನ್ ಆಗುತ್ತೆ. ಕೈಯಲ್ಲಿ ಮುಟ್ಟಲೇಬೇಡಿ."

ಆಗ ಮಹಾದೇವಕ್ಕ ಚೀರಿದಳು. ಆ ಹೊತ್ತಿನಲ್ಲಿ ಊರೊಳಗೆ ಹಾಲು ಕಾಯಿಸುತ್ತಿದ್ದವರನ್ನು ಬೇಕಾದರೆ ಕೇಳಿ ನೋಡಿ.

"ನನ್ನ ಹೊಲದಾಗಿದ್ರ ಗೊಬ್ಬರ, ನಿಮ್ಮ ಕೈಯಾಗ ಬಂದ್ರ ರೋಗ? ನನ್ನ ಅರಿಷಿಣ ಕುಂಕುಮದ ಹೊಲಲೇ ಇದು. ನನ್ನ ಮೊಮ್ಮಗನ ಹೆಸರ ಹೇಳಿ ನನ್ನ ಹೊಲಕ್ಕ ಹೇಲು ಹಾಕಿಸಿದ್ರಿ. ನನ್ನ ಬಾಯಿಲೇನ ಊರ ಮಂದೀಗೆ ಹೇಳಿಸಿದ್ರಿ."

ಆಮೇಲೆ ಬದುವಿನ ಕಡೆ ತಿರುಗಿದಳು. "ನೀವೇನ್ ನೋಡ್ತೀರಿ? ಯಾರ ಕೂಸಿಂದಂತ ಗುರುತು ಹಿಡೀರಿ ಅಂತ ಯಾರೂ ಅಂದಿಲ್ಲ. ಇಳೀರಿ."

ಜಮೀಲಾಬಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಮೊದಲು ಇಳಿದಳು. ನೇತ್ರಾ ಕೂಸನ್ನು ಈರಪ್ಪನ ಕೈಗೆ ಕೊಟ್ಟು ಇಳಿದಳು. ತಾಯವ್ವ ಇಳಿಯುತ್ತ, "ನಮ್ಮವಲ್ಲ, ಆದ್ರೂ," ಎಂದಳು. ನಾನೂ ಇಳಿದೆ. ಖಾಲಿ ಗೊಬ್ಬರದ ಚೀಲ ತರಿಸಿದಳು ಮಹಾದೇವಕ್ಕ. ಗೊಬ್ಬರ ಅಂದಾರಲ್ಲ, ಗೊಬ್ಬರದ ಚೀಲದಾಗ ತುಂಬ್ರಿ ಎಂದಳು. ಲೋಳೆಯನ್ನು ಮೊರದಲ್ಲಿ ಎತ್ತಿದೆವು. ವಾಸನೆಯ ಬಗ್ಗೆ ಹೇಳುವುದಿಲ್ಲ. ಅದನ್ನು ಮಾತ್ರ ನನ್ನಿಂದ ಹೆಚ್ಚು ಮಾಡಿ ಹೇಳಲಾಗುವುದಿಲ್ಲ. ಸಂಜೆಗೆ ನನ್ನ ಟ್ರೇಲರ್ ತುಂಬಿತು, ಹೊಲ ಕಪ್ಪಾಯಿತು. ಸಿದ್ಧಾರೂಢನನ್ನು ಬೂಟಿನಿಂದ ಬಿಡಿಸಿ ತೆಗೆದೆವು. ಬೂಟು ಈಗಲೂ ಅಲ್ಲೇ ಇದೆ.

"ಬೆಣ್ಣಿಹಳ್ಳಕ್ಕ ಸುರುವಿ ಬರ್ತೇನಿ, ಅಕ್ಕಾ," ಎಂದೆ.

"ಹಳ್ಳದ ಕೆಳಗಿನ ಊರಾಗ ಮನುಷ್ಯಾರು ಇಲ್ಲೇನ್ಲೇ?"

"ಹಂಗಾದ್ರ ಟ್ರೇಲರ್ ಇಲ್ಲೇ ಬಿಚ್ಚಿಟ್ಟು, ಹದಾ ಬಂದಕೂಡ್ಲೆ ಬಿತ್ತಿಬಿಡೂಣು. ಇದನ್ನ ಆಮ್ಯಾಲ ನೋಡೂಣು."

"ಈ ಹೊಲಸು ಬದುವಿನ ಮ್ಯಾಲ ನಿಂತಿರಬೇಕು, ನಾ ಕೂರಿಗಿಗೆ ಅರಿಷಿಣ ಹಚ್ಚಬೇಕು? ಇದು ನನ್ನ ಸೀಮಿ ಬಿಡೂ ತನಕ ಒಂದು ಕಾಳು ಬೀಳೂದಿಲ್ಲ."

ಮರುದಿನ ಬೆಳಿಗ್ಗೆ ಮಣ್ಣು ಹಿಡಿದು ನೋಡಿದೆ. ಹದ ಬಂದಿತ್ತು. ಬಿಸಿಲು ಜೋರಿತ್ತು. ಇವತ್ತಿನ ಸಂಜೆ ದಾಟಿದರೆ ಮೇಲ್ಮಣ್ಣು ಗಟ್ಟಿಯಾಗುತ್ತದೆ. ಊರಲ್ಲಿ ಎಲ್ಲರ ಕೂರಿಗೆ ಹೊಲದ ಕಡೆ ಹೋಗುತ್ತಿದ್ದರೆ ನನ್ನ ಟ್ರ್ಯಾಕ್ಟರ್ ಹುಬ್ಬಳ್ಳಿ ಕಡೆ ಹೊರಟಿತ್ತು. ಒಂದು ಮಡ್‌ಗಾರ್ಡ್ ಮೇಲೆ ಮಹಾದೇವಕ್ಕ, ಇನ್ನೊಂದರ ಮೇಲೆ ಈರಪ್ಪನ ಹಳೆಯ ಚಪ್ಪಲಿ ಮೆಟ್ಟಿಕೊಂಡ ಸಿದ್ಧಾರೂಢ. ರಾತ್ರಿ ಅವನು ಈರಪ್ಪನ ಬಾಜುವಿನಲ್ಲೇ ಮಲಗಿದ್ದ. ಬೆಳಿಗ್ಗೆ ಮಹಾದೇವಕ್ಕ ಬೈಯುತ್ತಲೇ ಅವನಿಗೆ ಮೂರು ರೊಟ್ಟಿ ಹಾಕಿದ್ದಳು. ನಮ್ಮ ಹಿಂದೆ ಬಂದ ವಾಹನಗಳು ಮುಂದೆ ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಒಂದು ಎಮ್ಮೆ ನಮ್ಮನ್ನು ಕಂಡು ತಾನಾಗಿಯೇ ರಸ್ತೆ ಬಿಟ್ಟಿತು. ಎಮ್ಮೆ ರಸ್ತೆ ಬಿಟ್ಟದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ.

ಕಂಪನಿಯ ಕಚೇರಿ ಗಾಜಿನದು. ಮುಂದೆ ಹಸಿರು ಹುಲ್ಲುಹಾಸು, ಅದರ ಮೇಲೆ ತಿರುಗುತ್ತ ನೀರು ಚಿಮುಕಿಸುವ ನಳಗಳು. ಮ್ಯಾನೇಜರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದ.

"ಬಳಸಿದ ಮಾಲು ವಾಪಸ್ ತಗೊಳ್ಳಲ್ಲಮ್ಮ. ಹಾಗಂತ ಯಾರು ಹೇಳಿದ್ದು ನಿಮಗೆ?"

ಮಹಾದೇವಕ್ಕ ಸಿದ್ಧಾರೂಢನನ್ನು ನೋಡಿದಳು. ಅವನು ಒಮ್ಮೆ ಮ್ಯಾನೇಜರನ್ನು ನೋಡಿದ, ಒಮ್ಮೆ ಕಾಲಲ್ಲಿದ್ದ ಚಪ್ಪಲಿ ನೋಡಿಕೊಂಡ.

"ನಾನ ಹೇಳಿದ್ದೆ, ಸರ್," ಎಂದ. "ಹಂಗ ಹೇಳು ಅಂತ ನೀವ ಹೇಳಿದ್ರಿ."

"ನೋಡಿಯಮ್ಮ, ಪ್ರಾಡಕ್ಟ್ ಸರಿ ಇದೆ," ಎಂದ ಮ್ಯಾನೇಜರು, ಕೇಳಿಸಲಿಲ್ಲವೇನೋ ಎಂಬಂತೆ. "ನಿಮ್ಮ ಕಡೆ ಮಣ್ಣಿನ ಸಮಸ್ಯೆ."

ಮಹಾದೇವಕ್ಕ ಹುಲ್ಲಿನ ಅಂಚಿಗೆ ಹೋಗಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದಳು. ಕೆಂಪು ಮಣ್ಣು. ಮೆತ್ತಗಿತ್ತು. "ಇದನ್ನ ಎಲ್ಲಿಂದ ತರಿಸೀರಿ?"

ನಳ ತಿರುಗಿಸುತ್ತಿದ್ದ ಆಳು ಹೇಳಿದ, "ಕಲಘಟಗಿ ಕಡಿಂದ್ರಿ, ಯವ್ವಾ."

"ನನ್ನ ಸೊಸಿ ತವರಿನ ಮಣ್ಣು. ಚೊಲೊ ಮಣ್ಣು. ನೀರೂ ಐತಿ, ಬಿಸಲೂ ಐತಿ." ಅವಳು ನನ್ನ ಕಡೆ ತಿರುಗಿದಳು. "ಸಂಗ್ಯಾ, ಎತ್ತು."

ನಾನು ಟ್ರೇಲರ್ ಎತ್ತಿದೆ. ಚೀಲಗಳು ಹುಲ್ಲಿನ ಮೇಲೆ ಉರುಳಿ ಬಾಯಿ ಬಿಚ್ಚಿದವು. ನಳ ತಿರುಗುತ್ತಲೇ ಇತ್ತು. ಡೈಪರುಗಳಿಗೆ ಅಭ್ಯಾಸವಾಗಿತ್ತು, ಕುಡಿಯತೊಡಗಿದವು. ಪೊಲೀಸರನ್ನು ಕರೆಸುತ್ತೇನೆ ಎಂದ ಮ್ಯಾನೇಜರು.

"ಕರಸ್ರಿ. ಅವರ ಮನ್ಯಾಗೂ ಕೂಸು ಇರತಾವು." ಗೋಡೆಗೆ ಒರಗಿಸಿಟ್ಟಿದ್ದ ಸಲಿಕೆ ತಂದು ಅವನ ಮುಂದೆ ನೆಟ್ಟಳು. "ಮೊಳಕಾಲುದ್ದ ತಗ್ಗು ತೋಡ್ರಿ. ಚಿತ್ರದಾಗ ಐತಲ್ಲ, ಹಂಗ. ಮೂರು ತಿಂಗಳ ಬಿಟ್ಟು ನಾ ಬರ್ತೇನಿ, ಹೆಂಗೈತಿ ಅಂತ ಕೇಳಾಕ. ಎರಡು ಮಾತು ಚೊಲೊ ಹೇಳ್ರಿ."

ಸಿದ್ಧಾರೂಢ ಹಸಿರು ಟೋಪಿಯನ್ನು ಒಂದು ಚೀಲದ ಮೇಲಿಟ್ಟ. ಮಹಾದೇವಕ್ಕ ಸೊಂಟದಿಂದ ಬೈಕಿನ ಕೀಲಿ ತೆಗೆದು ಕೊಟ್ಟಳು. "ಗಾಡಿ ನಮ್ಮ ಕಟ್ಟಿಗೆ ನಿಂತೈತಿ, ಬಂದು ಒಯ್ಯಿ. ಚಪ್ಪಲಿ ಮರೀಬ್ಯಾಡ, ನಮ್ಮ ಮನೆಯವರಿಗೆ ಇರೂದ ಅದೊಂದ ಜೋಡು."

ಹೊತ್ತು ನೆತ್ತಿ ದಾಟಿತ್ತು. "ಹದಾ ಹೊಂಟೈತಿ, ನಡೀಲೇ," ಎಂದಳು. ಆ ದಿನ ನನ್ನ ಟ್ರ್ಯಾಕ್ಟರ್ ಓಡಿದ ವೇಗಕ್ಕೆ ಬಸ್ಸಿನವರು ದಾರಿ ಬಿಟ್ಟರು. ಇದನ್ನು ನಂಬದಿದ್ದರೂ ನಡೆಯುತ್ತದೆ.

ಬಂದಾಗ ನೇತ್ರಾ ಕೂರಿಗೆ ತೊಳೆದು ಬದುವಿಗೆ ತರಿಸಿಟ್ಟಿದ್ದಳು. ಕೂಸು ಬೇವಿನ ನೆರಳಲ್ಲಿ, ಹಳೆಯ ಧೋತರ ಕಟ್ಟಿಕೊಂಡು ಮಲಗಿತ್ತು. ಧೋತರ ಆಗಲೇ ತೊಯ್ದಿತ್ತು.

"ರಾತ್ರಿ ನನ್ನ ನಿದ್ದಿ ಹೋತ್ರಿ, ಅತ್ತಿ," ಎಂದಳು ನೇತ್ರಾ.

"ನಾ ಎದ್ದು ಬದಲಿ ಮಾಡ್ತೇನಿ. ಸಿಟ್ಟಿಗೆ ನನಗ ಹೆಂಗೂ ನಿದ್ದಿ ಬರೂದಿಲ್ಲ."

ಕೈಕಾಲು ತೊಳೆದುಕೊಂಡು ಬಂದಳು. ಕೂರಿಗೆಗೆ ಅರಿಷಿಣ ಹಚ್ಚಿದಳು. ಕಾಯಿ ಒಡೆಯುವಾಗ ಅದು ಯಾರದೋ ತಲೆಯೆಂಬಂತೆ ಒಡೆದಳು. ಚೂರು ಹೋಗಿ ನನ್ನ ಹೊಲದಲ್ಲಿ ಬಿತ್ತು. ಮೊದಲ ಹಿಡಿ ಹೆಸರು ಹಾಕಿದಳು. ನಾನು ಗೇರು ಹಾಕಿದೆ. ನಡುಹೊಲದಲ್ಲಿ ಒಮ್ಮೆ ಕೂರಿಗೆಯ ಹಲ್ಲು ಏನನ್ನೋ ಎತ್ತಿತು. ಗಾಡಿ ನಿಲ್ಲಿಸಿ ನೋಡಿದರೆ ಸಿದ್ಧಾರೂಢನ ಬೂಟು. "ಅದು ಇದ್ದಲ್ಲೇ ಇರ್ಲಿ," ಎಂದಳು ಮಹಾದೇವಕ್ಕ. "ಚರ್ಮದ್ದಾದ್ರ ಮಣ್ಣಾಗತೈತಿ, ಅಲ್ಲದಿದ್ರ ಹುಬ್ಬಳ್ಳಿಗೆ ಹೋದಾಗ ಅದನ್ನೂ ಕೇಳೂಣು."

ಕೊನೆಯ ಸುತ್ತಿಗೆ ಬಿಸಿಲು ಇಳಿದಿತ್ತು. ಕೂರಿಗೆಯ ಹಿಂದೆ ಹುಳ ಹೆಕ್ಕಲು ಬೆಳ್ಳಗಿನವು ಬಂದು ಸಾಲಿನಲ್ಲಿ ಕೂತವು. ಮಹಾದೇವಕ್ಕ ಥಟ್ಟನೆ ನಿಂತಳು. ಬಗ್ಗಿ ಹೆಂಟೆ ಎತ್ತಿ, ಇದ್ದ ಸಿಟ್ಟನ್ನೆಲ್ಲ ಕೂಡಿಸಿ ಬೀಸಿ ಒಗೆದಳು.

ಹಾರಿದವು. ಕೊನೆಯದು ಹಾರುವವರೆಗೂ ನಿಂತು ನೋಡಿ, ಸೆರಗು ಝಾಡಿಸಿಕೊಂಡು ಮನೆಯ ಕಡೆ ನಡೆದಳು.